ಬೆಂದಂತೆ ಸುಲಿಯುವ ಎಳೆಚರ್ಮ: ಒಂದು ಕಾಯಿಲೆ, ಹಲವು ಹೆಸರು

ಹುಟ್ಟಿ ಕೆಲವೇ ದಿನಗಳಾದ ಕೂಸಿನ ಬಾಯಿಯ ಸುತ್ತ ಚರ್ಮ ಕೆಂಪೇರುತ್ತದೆ. ಒಂದೆರಡು ದಿನಗಳಲ್ಲಿ ಆ ಕೆಂಪು ಕತ್ತು, ಕಂಕುಳು, ತೊಡೆಸಂದುಗಳಿಗೆ ಹರಡುತ್ತದೆ. ಎತ್ತಿಕೊಂಡರೂ ಮಗು ನೋವಿನಿಂದ ಚೀರುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದರೆ ಚರ್ಮದ ಮೇಲ್ಪದರ ಒದ್ದೆ ಕಾಗದದಂತೆ ಸುಕ್ಕುಗಟ್ಟಿ ಜಾರುತ್ತದೆ. ಬಿಸಿನೀರು ಬಿದ್ದಿರಬೇಕೆಂದು ನೋಡಿದವರು ಭಾವಿಸುತ್ತಾರೆ. ಹೆತ್ತವರೇ ಸುಟ್ಟರೆಂದು ಶಂಕಿಸಿದ್ದೂ ಉಂಟು. ‘ಸ್ಟ್ಯಾಫಿಲೋಕಾಕಲ್ ಸ್ಕಾಲ್ಡೆಡ್ ಸ್ಕಿನ್ ಸಿಂಡ್ರೋಮ್’ (‘ಸ್ಕಾಲ್ಡೆಡ್’ ಎಂದರೆ ಬಿಸಿನೀರಿನಿಂದ ಬೆಂದ) ಎಂಬ ಇಂದಿನ ಹೆಸರು ಬಂದದ್ದು ಈ ಹೋಲಿಕೆಯಿಂದಲೇ.

ಪ್ರಾಗ್‌ನಲ್ಲಿ ತೊರೆದ ಶಿಶುಗಳ ಆಶ್ರಯಧಾಮದ ವೈದ್ಯರಾಗಿದ್ದ ಗಾಟ್‌ಫ್ರೀಡ್ ರಿಟ್ಟರ್ ಫಾನ್ ರಿಟ್ಟರ್ಸ್‌ಹೈನ್ ಅವರು ಹತ್ತು ವರ್ಷಗಳಲ್ಲಿ ಕಂಡ 297 ಪ್ರಕರಣಗಳನ್ನು 1878ರಲ್ಲಿ ವಿವರಿಸಿದರು. ಆಗಿನಿಂದ ಅದು ರಿಟ್ಟರ್ ಕಾಯಿಲೆ ಎನಿಸಿಕೊಂಡಿತು. ಮುಂದಿನ ದಶಕಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ನಂಟು ಗೋಚರಿಸಿತಾದರೂ, ಚರ್ಮದ ಮೇಲೆ ಏಳುವ ಗುಳ್ಳೆಯ ನೀರಿನಲ್ಲಿ ಅದು ಸಾಮಾನ್ಯವಾಗಿ ಸಿಗದಿರುವುದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಗೊಂದಲ ದಟ್ಟವಾದದ್ದು 1956ರ ನಂತರ. ಆ ವರ್ಷ ಸ್ಕಾಟ್ಲೆಂಡಿನ ಚರ್ಮವೈದ್ಯ ಅಲನ್ ಲಯೆಲ್ ಅವರು ನಾಲ್ವರು ರೋಗಿಗಳನ್ನು ಆಧರಿಸಿ, ಚರ್ಮ ಸುಲಿಯುವ ಇನ್ನೊಂದು ಕಾಯಿಲೆಗೆ ‘ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್’ ಎಂಬ ಹೆಸರು ಕೊಟ್ಟರು. ನೋಡಲು ಒಂದೇ ಬಗೆ ಎಂಬ ಕಾರಣಕ್ಕೆ ಶಿಶುಗಳ ಕಾಯಿಲೆಯನ್ನೂ ಕ್ರಮೇಣ ಅದೇ ಹೆಸರಿನಡಿ ಸೇರಿಸಲಾಯಿತು. ಆದರೆ ಬಹುಪಾಲು ಔಷಧಿಗಳ ದುಷ್ಪರಿಣಾಮದಿಂದ ಬರುವ ಆ ಕಾಯಿಲೆಯಲ್ಲಿ ಹೊರಚರ್ಮ ಪೂರ್ತಿ ಸತ್ತು ಬುಡದಿಂದಲೇ ಕಳಚುತ್ತದೆ; ಶಿಶುವಿನಲ್ಲಿ ಸೀಳು ಬೀಳುವುದು ಹೊರಚರ್ಮದ ಮೇಲ್ಭಾಗದಲ್ಲಿ, ಕೆಳಗಿನ ಕೋಶಗಳು ಜೀವಂತವಾಗಿಯೇ ಇರುತ್ತವೆ. ಮೊದಲನೆಯದಕ್ಕೆ ಕಾರಣವಾದ ಔಷಧಿಯನ್ನು ನಿಲ್ಲಿಸಬೇಕು, ಎರಡನೆಯದಕ್ಕೆ ತಡಮಾಡದೆ ಆಂಟಿಬಯೋಟಿಕ್ ಆರಂಭಿಸಬೇಕು. ಎರಡನೆಯದರಲ್ಲಿ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಬಲಿಯುವ ಅಪಾಯವಿದೆ. ಸುಲಿದ ಚರ್ಮದ ಒಂದು ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ತಿಳಿಯಬಹುದಾದ ಈ ಅಂತರವನ್ನು ಒಂದು ಹೆಸರು ಇಷ್ಟು ಕಾಲ ಮರೆಮಾಡಿತೆಂಬುದು ನೋವಿನ ಸಂಗತಿ. ವೈದ್ಯಶಾಸ್ತ್ರದಲ್ಲಿ ಹೆಸರು ಬರಿಯ ಗುರುತಲ್ಲ, ಚಿಕಿತ್ಸೆ ಹಿಡಿಯುವ ದಾರಿಯೂ ಹೌದು.

1970ರಲ್ಲಿ ಮರಿಯನ್ ಮೆಲಿಶ್ ಮತ್ತು ಲೊವೆಲ್ ಗ್ಲಾಸ್ಗೋ ಅವರು ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾವನ್ನು ನವಜಾತ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಚರ್ಮವೂ ಹಾಗೆಯೇ ಸುಲಿಯಿತು. ಚರ್ಮವನ್ನು ಸೀಳುವುದು ಬ್ಯಾಕ್ಟೀರಿಯಾ ಸ್ರವಿಸುವ ವಿಷವೆಂಬುದು ಈ ಹಾದಿಯಲ್ಲೇ ಖಚಿತವಾಯಿತು. ಬ್ಯಾಕ್ಟೀರಿಯಾ ಮೂಗು, ಕಣ್ಣು ಅಥವಾ ಹೊಕ್ಕುಳಲ್ಲಿ ನೆಲೆಸಿರುತ್ತದೆ, ವಿಷ ಮಾತ್ರ ರಕ್ತದ ಮೂಲಕ ಮೈಯೆಲ್ಲ ಸೇರುತ್ತದೆ; ಗುಳ್ಳೆಯ ನೀರಿನಲ್ಲಿ ಬ್ಯಾಕ್ಟೀರಿಯಾ ಸಿಗದಿರುವುದು ಇದಕ್ಕೇ. ಆ ವಿಷವನ್ನು ಹೊರಹಾಕುವಷ್ಟು ಎಳೆಯ ಮೂತ್ರಪಿಂಡ ಬಲಿತಿರುವುದಿಲ್ಲ, ತಡೆಯುವ ಪ್ರತಿಕಾಯಗಳೂ ಸಾಲದಿರುವುದರಿಂದ ಶಿಶುಗಳೇ ಹೆಚ್ಚಾಗಿ ತುತ್ತಾಗುತ್ತವೆ.

ವಿಷ ಕತ್ತರಿಸುವುದೇನನ್ನು ಎಂಬುದು ತಿಳಿದದ್ದು 2000ದಲ್ಲಿ. ಮಸಯುಕಿ ಅಮಗಾಯ್ ಮತ್ತು ಸಂಗಡಿಗರು ತೋರಿಸಿದಂತೆ, ಅದು ಚರ್ಮದ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಡೆಸ್ಮೊಗ್ಲೀನ್-1 ಎಂಬ ಪ್ರೋಟೀನು. ಬಾಯಿಯ ಒಳಪೊರೆಯಲ್ಲಿ ಡೆಸ್ಮೊಗ್ಲೀನ್-3 ಆ ಬೆಸುಗೆಯನ್ನು ಕಾಯುವುದರಿಂದ ಮೈಯೆಲ್ಲ ಸುಲಿದ ಮಗುವಿನ ಬಾಯಿಯೊಳಗೆ ಹುಣ್ಣಿರುವುದಿಲ್ಲ. ಮಗುವನ್ನು ಬೆಚ್ಚಗಿರಿಸಿ, ಸುಲಿದ ಮೈಯಿಂದ ಸೋರಿಹೋದ ದ್ರವವನ್ನು ತುಂಬಿ, ರಕ್ತನಾಳದ ಮೂಲಕ ತಕ್ಕ ಔಷಧಿ ಕೊಟ್ಟರೆ, ಸೀಳು ಮೇಲ್ಭಾಗದಲ್ಲೇ ನಿಂತಿರುವ ಕಾರಣ, ಸಾಮಾನ್ಯವಾಗಿ ಎರಡು ವಾರಗಳೊಳಗೆ ಕಲೆಯಿಲ್ಲದ ಹೊಸ ಚರ್ಮ ಮೂಡುತ್ತದೆ.