ಬಚ್ಚಲ ನೆಲ: ಬಣ್ಣ ಬಳಿಯುವುದೋ, ಒಡೆದು ಹಾಕುವುದೋ?

ಗುಡ್ಡದ ದರೆ ಕಡಿದು ಕಟ್ಟಿದ ಮನೆ ಮಡಿಕೇರಿ, ಭಾಗಮಂಡಲದ ಕಡೆ ಹೊಸತೇನಲ್ಲ. ಅಂಥ ಮನೆಯ ಹಿಂಬದಿಯ ಬಚ್ಚಲು ಮಣ್ಣಿಗೆ ಒರಗಿಕೊಂಡೇ ಇರುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಗೆ ನೆನೆದ ಮಣ್ಣಿನ ತೇವ ಕಾಂಕ್ರೀಟಿನ ಮೂಲಕ ಮೇಲೇರುತ್ತದೆ. ನೆಲಕ್ಕೆ ಬಳಿದ ಎಪಾಕ್ಸಿ (ಎರಡು ಡಬ್ಬಿ ಬೆರೆಸಿದಾಗ ಗಟ್ಟಿಯಾಗುವ ರಾಳ) ಬಣ್ಣದ ಪದರ ಅದನ್ನು ಹೊರಬಿಡುವುದಿಲ್ಲ. ಆಗ ನೆಲ್ಲಿಕಾಯಿ ಗಾತ್ರದ ಗುಳ್ಳೆಗಳೇಳುತ್ತವೆ; ಸೂಜಿ ಚುಚ್ಚಿದರೆ ಒಳಗಿಂದ ನೀರು ಜಿನುಗುತ್ತದೆ. ಬಣ್ಣ ಒಳ್ಳೆಯದಿರಲಿಲ್ಲ ಎಂದು ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ, ಒಂದು ಹಗಲು ಒಂದು ರಾತ್ರಿ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ಬಣ್ಣದ ಯೋಚನೆ ಬಿಡಿ. ಆದರೆ ಮಾರ್ಚ್‌ನಲ್ಲಿ ಇದನ್ನು ಮಾಡಿದರೆ ಬಹುತೇಕ ಎಲ್ಲ ನೆಲವೂ ಪಾಸಾಗುತ್ತದೆ. ಪರೀಕ್ಷೆ ಜುಲೈನಲ್ಲಿ ಆಗಬೇಕು. ಬಣ್ಣ ಬಳಿಯುವುದು ಕಾಫಿ ಕುಯ್ಲು ಮುಗಿದು, ಕಾಫಿ ಹೂವರಳಿಸುವ ಹೂಮಳೆ ಬೀಳುವ ಮುನ್ನ. ಮಳೆಗಾಲದ ತೇವದಲ್ಲೋ ಡಿಸೆಂಬರ್‌ನ ಚಳಿಯಲ್ಲೋ ಬಳಿದ ಎಪಾಕ್ಸಿ ಸರಿಯಾಗಿ ಗಟ್ಟಿಯಾಗದೆ ಮೇಲೆ ಬಿಳಿಚಿ, ಜಿಡ್ಡುಗಟ್ಟುತ್ತದೆ. ಅದರ ಮೇಲೆ ಎರಡನೇ ಕೋಟ್ ಹಿಡಿಯುವುದಿಲ್ಲ.

ಇನ್ನೆರಡು ನೋಡಿಕೊಳ್ಳಿ. ಸುತ್ತಿಗೆಯ ಹಿಡಿಯಿಂದ ಟೈಲ್ಸ್ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಒಂದು ಬಕೆಟ್ ಸುರಿದ ನೀರು ಮೂಲೆಯಲ್ಲೇ ನಿಂತರೆ, ಬಣ್ಣ ಎರಡನ್ನೂ ಸರಿಪಡಿಸಲಾರದು.

ನೆಲ ಗಟ್ಟಿಯಿದ್ದರೆ ಬಣ್ಣಕ್ಕೆ ಅಡ್ಡಿಯಿಲ್ಲ. ಸೋಪಿನ ಜಿಡ್ಡು ತೆಗೆದು, ಟೈಲ್ಸಿನ ಹೊಳಪನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ ಪೂರ್ತಿ ಕೊಲ್ಲಬೇಕು. ಬಣ್ಣ ಏಳುವುದು ಬಹುಪಾಲು ಈ ಕೆಲಸ ಅರ್ಧಕ್ಕೆ ಬಿಟ್ಟಲ್ಲೇ. ಹಳೆಯ ರೆಡ್ ಆಕ್ಸೈಡ್ ನೆಲ ಎಣ್ಣೆ, ಮೇಣ ಕುಡಿದಿರುತ್ತದೆ; ಅದನ್ನು ಹಾಗೇ ಉಳಿಸಿಕೊಳ್ಳುವುದೇ ವಾಸಿ. ಪ್ರೈಮರ್ ಒಂದು ಕೋಟ್, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಎರಡು ತೆಳು ಕೋಟ್, ಜಾರದಂತೆ ನಡುವೆ ಸಣ್ಣ ಸಿಲಿಕಾ ಮರಳು. ಬೆರೆಸಿದ ಬಣ್ಣ ಅರ್ಧ ಗಂಟೆಯಲ್ಲೇ ಗಟ್ಟಿಯಾಗತೊಡಗಬಹುದು, ಸ್ವಲ್ಪ ಸ್ವಲ್ಪವೇ ಬೆರೆಸಿ. ಏಳು ದಿನ ಸ್ನಾನ ಬೇರೆಡೆ. ಹಂಡೆ ಒಲೆಯ ಬಚ್ಚಲಾದರೆ ಇನ್ನೊಂದು ತಕರಾರು: ಕುದಿನೀರು ಪದೇ ಪದೇ ಚೆಲ್ಲುವ ಜಾಗದಲ್ಲಿ ಎಪಾಕ್ಸಿ ಮೆದುವಾಗಿ ಸಿಪ್ಪೆಯೇಳುತ್ತದೆ.

ಒಡೆಯುವುದೇ ಎಂದಾದರೆ ಟೈಲ್ಸಿಗಿಂತ ಅದರ ಅಡಿಯ ಕೆಲಸಕ್ಕೆ ಹಣ ಹಾಕಿ. ಕಾಂಕ್ರೀಟಿನವರೆಗೆ ಕಿತ್ತು, ಗೋಡೆ-ನೆಲ ಸೇರುವ ಮೂಲೆಯನ್ನು ಗಾರೆಯಿಂದ ದುಂಡಾಗಿಸಿ, ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆಸಿ. ಗೋಡೆಗೂ ಒಂದಡಿ ಏರಲಿ. ನಹನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಕಿಂಡಿ) ಮುಚ್ಚಿ ಒಂದಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು ಎರಡು ದಿನ ಕಾಯಿರಿ. ಮೇಸ್ತ್ರಿ ಅವಸರ ಮಾಡುವುದು ಇಲ್ಲೇ. ಗೆರೆಯಿಂದ ಎದ್ದು ಕಾಣುವಷ್ಟು ನೀರಿಳಿದರೆ ಟೈಲ್ಸ್ ಮುಟ್ಟಬೇಡಿ.

ಇಳಿಜಾರು ಎಂಟು ಅಡಿಗೆ ಒಂದೂಕಾಲು ಇಂಚಾದರೂ ಬೇಕು. 5×8 ಅಡಿಯ ಬಚ್ಚಲಿಗೆ ಒಂದಡಿ ಚೌಕದ ಮ್ಯಾಟ್ ಟೈಲ್ಸ್ 40 ಹಿಡಿಯುತ್ತವೆ. 45 ತನ್ನಿ, ಟ್ರ್ಯಾಪ್ ಸುತ್ತ ಕತ್ತರಿಸುವಾಗ ಕೆಲವು ಹಾಳಾಗುತ್ತವೆ. ಉಳಿದದ್ದನ್ನು ಅಟ್ಟದಲ್ಲಿಡಿ. ಮುಂದೆ ಪೈಪ್ ರಿಪೇರಿಗೆ ನೆಲ ಅಗೆದಾಗ ಅದೇ ಶೇಡ್ ಅಂಗಡಿಯಲ್ಲಿ ಸಿಗುವುದು ಅಪರೂಪ.