ಆಂಟಿ-ಫಾಸ್ ಆಂಟಿಬಾಡಿ: ಬ್ಯಾಂಡ್ ಬಂದರೆ ಸಾವು ಬಂತು ಅಂತಲ್ಲ

‘ಆಂಟಿ-ಫಾಸ್ ಹಾಕಿದೆವು, ಬ್ಯಾಂಡ್ ಬಂತು, ಆದ್ದರಿಂದ ಕೋಶಗಳು ಸತ್ತಿವೆ.’ ಕಲಬುರಗಿಯ ವಿದ್ಯಾರ್ಥಿ ಪೋಸ್ಟರ್‌ಗಳಲ್ಲಿ ಈ ಸಾಲು ಓದಿ ಓದಿ ಸಾಕಾಗಿದೆ. ಮೊನ್ನೆಯ ಸೆಮಿನಾರ್‌ನಲ್ಲೂ ಇತ್ತು, ಅದೂ ದಪ್ಪಕ್ಷರದಲ್ಲಿ.

ಫಾಸ್ ಎಂದರೂ ಸಿಡಿ95 ಎಂದರೂ ಒಂದೇ, ಜೀವಕೋಶದ ಮೈಮೇಲಿನ ರಿಸೆಪ್ಟರ್, ಅಂದರೆ ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್. ಅದಕ್ಕೆ ಹೋಗಿ ಅಂಟುವ ಆಂಟಿಬಾಡಿಯೇ ಆಂಟಿ-ಫಾಸ್. ಪ್ರೋಟೀನ್ ಹುಡುಕುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಅದು ಅಂಟಿದ ಕಡೆ ಕಾಣುವ ಗೆರೆಯೇ ಬ್ಯಾಂಡ್; ಫಾಸ್ ಇದೆ ಎನ್ನುವುದಷ್ಟೇ ಅದರ ಅರ್ಥ. ‘ಡೆತ್ ರಿಸೆಪ್ಟರ್’ ಎಂಬ ಬಿರುದು ನೋಡಿಯೇ ಎಲ್ಲರೂ ಎಡವುವುದು. ನಮ್ಮ ಲಿವರ್ ಕೋಶಗಳ ಮೇಲೆ ಈಗಲೂ ಫಾಸ್ ಇದೆ, ನಾವು ಆರಾಮಾಗೇ ಇದ್ದೇವೆ ಅಲ್ವಾ? ಬಾಗಿಲಿಗೆ ಕರೆಗಂಟೆ ಇದ್ದ ಮಾತ್ರಕ್ಕೆ ನೆಂಟರು ಬಂದಂತಾಗಲಿಲ್ಲ. ಫಾಸ್ ಲಿಗ್ಯಾಂಡ್ ಎಂಬ ಜೋಡಿ ಪ್ರೋಟೀನ್ ಬಂದು ಅಂಟಬೇಕು, ಫಾಸ್‌ಗಳು ಗುಂಪುಗೂಡಬೇಕು, ಒಳಗೆ ಫ್ಯಾಡ್ ಮತ್ತು ಕ್ಯಾಸ್ಪೇಸ್-8 ಎಂಬ ಪ್ರೋಟೀನ್‌ಗಳು ಬಂದು ಸೇರಬೇಕು. ಸಾವಿನ ಕೆಲಸ ಶುರುವಾಗುವುದು ಆಮೇಲೆ. ಸತ್ತಿದೆ ಎನ್ನಬೇಕಾದರೆ ಸಾಯುತ್ತಿರುವ ಕೋಶಕ್ಕೆ ಅಂಟುವ ಅನೆಕ್ಸಿನ್-5 ಹಾಕಿ ನೋಡಿ, ಸಾವಿನ ಕೆಲಸ ಶುರುವಾದಾಗ ತುಂಡಾಗುವ ಕ್ಯಾಸ್ಪೇಸ್-3 ಹುಡುಕಿ. ವೆಸ್ಟರ್ನ್ ಬ್ಲಾಟ್‌ಗಂತೂ ಕೋಶಗಳನ್ನು ಒಡೆದು, ಕುದಿಸಿಯೇ ಹಾಕಿರುತ್ತೀರಿ. ಅವು ಸತ್ತದ್ದು ನಿಮ್ಮ ಕೈಯಿಂದ, ಫಾಸ್‌ನಿಂದಲ್ಲ!

ಈ ಗೊಂದಲ ಹುಟ್ಟಿದ್ದಕ್ಕೂ ಒಂದು ಹಿನ್ನೆಲೆ ಇದೆ. ಇಲ್ಲಿ ಪ್ರೋಟೀನ್‌ಗಿಂತ ಮೊದಲು ಸಿಕ್ಕಿದ್ದೇ ಆಂಟಿಬಾಡಿ. ಜಪಾನಿನ ಶಿನ್ ಯೋನೆಹಾರಾ ತಂಡ ಎಫ್‌ಎಸ್-7 ಎಂಬ ಮನುಷ್ಯರ ಕೋಶಗಳನ್ನು ಇಲಿಗೆ ಚುಚ್ಚಿ ಒಂದು ಆಂಟಿಬಾಡಿ ಪಡೆಯಿತು. ಅದನ್ನು ಹಾಕಿದರೆ ಕೋಶಗಳು ಸಾಯುತ್ತಿದ್ದವು. ಅದು ಅಂಟುವ ಪ್ರೋಟೀನ್‌ಗೆ ಆ ಎಫ್‌ಎಸ್‌ನಿಂದಲೇ ಫಾಸ್ ಎಂದು ಹೆಸರು ಬಂತು. ಇದು 1989ರ ಮಾತು. ಅದೇ ವರ್ಷ ಜರ್ಮನಿಯ ಪೀಟರ್ ಕ್ರಾಮರ್ ತಂಡವೂ ಇಂಥದ್ದನ್ನೇ ಕಂಡು ಎಪಿಒ-1 ಎಂದು ಕರೆಯಿತು. ಶಿಗೆಕಾಜು ನಾಗಾಟಾ ತಂಡದ ಕೈಗೆ ಜೀನ್ ಸಿಕ್ಕಿದ್ದು 1991ರಲ್ಲಿ.

ಹಾಗಾಗಿ ಕೆಲವು ಆಂಟಿ-ಫಾಸ್‌ಗಳು ಕೊಲ್ಲುವುದು ನಿಜ. ಸಿಎಚ್11 ಎಂಬ ಕ್ಲೋನ್ (ಒಂದೇ ಕೋಶದ ಸಂತತಿ ತಯಾರಿಸುವ ಆಂಟಿಬಾಡಿ) ಹಲವು ಕೈಗಳಿರುವ ಐಜಿಎಂ ಜಾತಿಯದು, ಹಲವು ಫಾಸ್‌ಗಳನ್ನು ಒಟ್ಟಿಗೆ ಎಳೆದು ಕೋಶವನ್ನು ಸಾಯಿಸುತ್ತದೆ. ಜೆಡ್‌ಬಿ4 ಎಂಬ ಇನ್ನೊಂದು ಕ್ಲೋನ್ ಅದೇ ಫಾಸ್‌ಗೆ ಅಂಟಿ ಸಾವನ್ನು ತಡೆಯುತ್ತದೆ. ಇನ್ನು ಕೆಲವು ಫಾಸ್‌ನ ಒಳಬಾಲಕ್ಕೆ ಮಾತ್ರ ಅಂಟುವಂಥವು. ಪೊರೆಗೆ ತೂತು ಮಾಡದೆ ಇವುಗಳನ್ನು ಇಡೀ ಕೋಶಗಳನ್ನು ಒಂದೊಂದಾಗಿ ಎಣಿಸಿ ನೋಡುವ ಫ್ಲೋ ಸೈಟೋಮೆಟ್ರಿಗೆ ಹಾಕಿದರೆ ಏನೂ ಕಾಣದು. ಇಷ್ಟೆಲ್ಲ ಇರುವಾಗ ಸುಮ್ನೆ ‘ಆಂಟಿ-ಫಾಸ್’ ಅಂತ ಬರೆದರೆ ಓದುವವರಿಗೆ ಏನು ತಿಳಿಯಬೇಕು? ಕ್ಲೋನ್ ಹೆಸರು ಹಾಕಿ.

ಆಂಟಿಬಾಡಿಯ ವಯಲ್ (ಪುಟ್ಟ ಸೀಸೆ) ಮೇಲಿನ ಲೇಬಲನ್ನೂ ಓದಿ. ಕೆಡದಿರಲಿ ಅಂತ ಸೋಡಿಯಂ ಅಜೈಡ್ ಸೇರಿಸಿದ್ದರೆ ಜೀವಂತ ಕೋಶಕ್ಕೆ ಅದೇ ವಿಷ. ಆಗ ಕೋಶ ಸತ್ತರೆ ಪಾಪ, ಫಾಸ್‌ಗೆ ಕೆಟ್ಟ ಹೆಸರು.

ಬ್ಯಾಂಡ್ ಬರದಿದ್ದಾಗ ‘ಫಾಸ್ ಇಲ್ಲ’ ಅಂತ ಬರೆಯುವವರೂ ಇದ್ದಾರೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಆಂಟಿಬಾಡಿ ಬಂದ ಥರ್ಮಾಕೋಲ್ ಡಬ್ಬಿ ಮಧ್ಯಾಹ್ನವೆಲ್ಲ ಕೊರಿಯರ್ ಆಫೀಸಿನಲ್ಲಿ ಕೂತಿತ್ತೋ ಏನೋ, ಕೇಳಿದಿರಾ? ಪಕ್ಕದ ಲೇನ್‌ನಲ್ಲಿ ಫಾಸ್ ಇರುವುದು ಗೊತ್ತಿರುವ ಜರ್ಕಾಟ್ ಎಂಬ ಲ್ಯಾಬ್ ಕೋಶಗಳ ಸ್ಯಾಂಪಲ್ ಓಡಿಸಿ. ಅಲ್ಲೂ ಬ್ಯಾಂಡ್ ಇಲ್ಲ ಅಂದರೆ ಮೊದಲು ಆ ವಯಲ್ ಮೇಲೆ ಅನುಮಾನ ಪಡಿ.