ಕಲ್ಲಿನಲ್ಲಿ 35, ಲೆಕ್ಕದಲ್ಲಿ 34: ನ್ಯಾನ್ಸಿ ಲಿಂಕನ್ ಸಮಾಧಿಯನ್ನು ಓದುವ ಬಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಸ್ಪೆನ್ಸರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಲಿಂಕನ್ ಸಿಟಿ ಅಂತ ಒಂದು ಪುಟ್ಟ ಊರಿದೆ. ಅದರ ಪಕ್ಕ ಮರಗಳ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಕಬ್ಬಿಣದ ಬೇಲಿ, ಬೇಲಿಯೊಳಗೆ ಒಂದು ಬಿಳಿ ಕಲ್ಲು. ಕಲ್ಲಿನ ಬರಹವನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

ನ್ಯಾನ್ಸಿ ಹ್ಯಾಂಕ್ಸ್ ಲಿಂಕನ್. ಅಧ್ಯಕ್ಷ ಲಿಂಕನ್‌ರ ತಾಯಿ. ಮರಣ ಕ್ರಿ.ಶ. 1818 ಅಕ್ಟೋಬರ್ 5. ವಯಸ್ಸು 35 ವರ್ಷ. ಹುತಾತ್ಮನಾದ ಅವರ ಮಗನ ಸ್ನೇಹಿತನೊಬ್ಬ ನಿಲ್ಲಿಸಿದ್ದು, 1879.

ಹಳೆಯ ಕಾಲದ ಒಬ್ಬ ರೈತನ ಹೆಂಡತಿಯ ಬದುಕನ್ನು ಹುಡುಕುವುದು ಹೇಗೆ ಅಂತ ಕಲಿಯಲು ನಾನು ಈ ಕಲ್ಲನ್ನೇ ಆರಿಸಿಕೊಂಡೆ. "ಅವರು ಅಬ್ರಹಾಂ ಲಿಂಕನ್ ತಾಯಿ, ಅವರ ವಿಷಯ ಎಲ್ಲರಿಗೂ ಗೊತ್ತಲ್ವಾ" ಅಂತ ನೀವು ಕೇಳಬಹುದು. ಆದರೆ ನ್ಯಾನ್ಸಿ ಬದುಕಿದ್ದಾಗ ಅವರು ಯಾರಿಗೂ ದೊಡ್ಡವರಲ್ಲ. ಮರದ ದಿಮ್ಮಿಯ ಮನೆ, ಕಾಡು ಕಡಿದು ಮಾಡಿದ ಹೊಲ, ಇಬ್ಬರು ಮಕ್ಕಳು, ಒಂದೆರಡು ಹಸು. ಅಕ್ಕಪಕ್ಕದ ಹೆಂಗಸರ ಬಗ್ಗೆ ಎಷ್ಟು ಕಾಗದ ಉಳಿದಿದೆಯೋ ಇವರ ಬಗ್ಗೆಯೂ ಅಷ್ಟೇ. ಒಂದೇ ವ್ಯತ್ಯಾಸ, ಮಗ ಅಧ್ಯಕ್ಷನಾದ. ಹಾಗಾಗಿ ನೂರೈವತ್ತು ವರ್ಷದಿಂದ ಜನ ಇವರನ್ನು ಹುಡುಕುತ್ತಲೇ ಇದ್ದಾರೆ. ಎಲ್ಲಿ ಸಿಕ್ಕಿತು, ಎಲ್ಲಿ ಎಡವಿದರು ಎರಡೂ ನಮಗೆ ಕಾಣುತ್ತದೆ.

ಕೊನೆಯ ಸಾಲನ್ನು ಮೊದಲು ಓದಿ

ಸಮಾಧಿ ಕಲ್ಲು ಕಂಡರೆ ನಮ್ಮ ಕಣ್ಣು ಮೊದಲು ಹೆಸರು, ತಾರೀಖಿನ ಕಡೆ ಹೋಗುತ್ತದೆ. ಮೊದಲು ನೋಡಬೇಕಾದ್ದು ಕಲ್ಲನ್ನು ಯಾರು, ಯಾವಾಗ ನಿಲ್ಲಿಸಿದರು ಅನ್ನೋದನ್ನು. ಇಲ್ಲಿ ಅದು ಬರೆದೇ ಇದೆ, 1879. ಅಂದರೆ ಸತ್ತು 61 ವರ್ಷ ಆದ ಮೇಲೆ. ಆ "ಸ್ನೇಹಿತ" ಇಂಡಿಯಾನಾದ ಸೌತ್ ಬೆಂಡ್ ಊರಿನ ಪೀಟರ್ ಸ್ಟುಡೆಬೇಕರ್, ಬಂಡಿ ತಯಾರಿಸುವ ದೊಡ್ಡ ಕಂಪನಿಯ ಮನೆತನದವರು. ಸಮಾಧಿ ಹಾಳುಬಿದ್ದಿದೆ ಅಂತ ತಿಳಿದು ಕಲ್ಲಿಗೆ 50 ಡಾಲರ್ ಕೊಟ್ಟರು, ತಮ್ಮ ಹೆಸರು ಹಾಕಿಸಲಿಲ್ಲ. ಅವರು ನ್ಯಾನ್ಸಿಯನ್ನು ಕಂಡವರಲ್ಲ. ಹಾಗಾಗಿ ಕಲ್ಲಿನ ಮೇಲಿರುವ ತಾರೀಖು, ವಯಸ್ಸು ಎರಡೂ ಬೇರೆ ಎಲ್ಲಿಂದಲೋ ಬಂದದ್ದು. ಎಲ್ಲಿಂದ ಅಂತ ಹುಡುಕುವುದೇ ನಮ್ಮ ಕೆಲಸ.

ಇನ್ನೊಂದು ಮಾತು ಗಮನಿಸಿ. ಆ ಶತಮಾನದ ಅಮೆರಿಕದ ಕಲ್ಲುಗಳಲ್ಲಿ ಹೆಂಗಸಿನ ಹೆಸರಿನ ಕೆಳಗೆ ಸಾಮಾನ್ಯವಾಗಿ "ಇಂಥವರ ಹೆಂಡತಿ" ಅಂತ ಇರುತ್ತದೆ. "ಕಾನ್ಸಾರ್ಟ್" ಅಂತಿದ್ದರೆ ಅವಳು ಸಾಯುವಾಗ ಗಂಡ ಬದುಕಿದ್ದ ಅಂತ ಅರ್ಥ. "ರೆಲಿಕ್ಟ್" ಅಂತಿದ್ದರೆ ಗಂಡ ಮೊದಲೇ ತೀರಿಕೊಂಡಿದ್ದ. ಈ ಎರಡು ಪದ ಗೊತ್ತಿದ್ದರೆ ಗಂಡ ಯಾವಾಗ ಸತ್ತ ಅನ್ನೋ ಹುಡುಕಾಟ ಅರ್ಧ ಮುಗಿದ ಹಾಗೆ. ನ್ಯಾನ್ಸಿ ಕಲ್ಲಿನಲ್ಲಿ ಗಂಡ ಥಾಮಸ್ ಹೆಸರೇ ಇಲ್ಲ, ಮಗನದ್ದು ಮಾತ್ರ ಇದೆ. ಆಗಲೇ ಕಲ್ಲು ನಿಲ್ಲಿಸಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಆಗ ಆ ಮಗನಿಗೆ ಒಂಬತ್ತು ವರ್ಷ.

ತಾರೀಖಿನ ಮೂಲ ಮನೆಯೊಳಗೇ ಇದೆ. ಲಿಂಕನ್ ಕುಟುಂಬದ ಬೈಬಲ್‌ನಲ್ಲಿ ಹುಟ್ಟು, ಮದುವೆ, ಸಾವು ಬರೆದಿಟ್ಟ ಹಾಳೆಯಲ್ಲಿ ಅಬ್ರಹಾಂ ಕೈಬರಹದಲ್ಲೇ ತಾಯಿಯ ಸಾವಿನ ದಿನ ಇದೆ, 1818 ಅಕ್ಟೋಬರ್ 5. ಅದೂ ಆ ದಿನವೇ ಬರೆದದ್ದಲ್ಲ, ದೊಡ್ಡವನಾದ ಮೇಲೆ ಬರೆದದ್ದು. ಆದರೂ ಕಲ್ಲಿಗಿಂತ ಇದು ಹತ್ತಿರದ ಸಾಕ್ಷಿ. ನಿಮಗೆ ಇಂಥ ಬೈಬಲ್ ಹಾಳೆ ಸಿಕ್ಕರೆ ಮುಖಪುಟದಲ್ಲಿ ಅಚ್ಚಾದ ವರ್ಷ ನೋಡಿ. ಅಚ್ಚಾಗುವ ಮೊದಲಿನ ತಾರೀಖುಗಳೆಲ್ಲ ನೆನಪಿನಿಂದ ಬರೆದವು. ಎಲ್ಲ ಸಾಲೂ ಒಂದೇ ಶಾಯಿ, ಒಂದೇ ಕೈ ಅಂದರೆ ಒಂದೇ ದಿನ ಕೂತು ಬರೆದಿರುವ ಸಾಧ್ಯತೆ ಜಾಸ್ತಿ.

ಆ 35

ಕುಟುಂಬದಲ್ಲಿ ಹೇಳಿಕೊಂಡು ಬಂದಿರುವ ನ್ಯಾನ್ಸಿಯ ಹುಟ್ಟಿದ ದಿನ 1784 ಫೆಬ್ರವರಿ 5. ಜನನ ದಾಖಲೆ ಅಂತ ಒಂದೂ ಇಲ್ಲ. ಆಗಿನ ವರ್ಜೀನಿಯಾದಲ್ಲಿ ಸರ್ಕಾರ ಜನನ ನೋಂದಣಿ ಮಾಡುತ್ತಲೂ ಇರಲಿಲ್ಲ. ಈ ದಿನವನ್ನು ಒಪ್ಪಿಕೊಂಡು ಲೆಕ್ಕ ಹಾಕಿ. 1818 ಅಕ್ಟೋಬರ್ 5ರಿಂದ 1784 ಫೆಬ್ರವರಿ 5 ಕಳೆದರೆ 34 ವರ್ಷ 8 ತಿಂಗಳು. ಕಲ್ಲು 35 ಅನ್ನುತ್ತದೆ.

ತಪ್ಪು ಅಂತ ಗೀಚಿ ಮುಂದೆ ಹೋಗಬೇಡಿ. ನಮ್ಮ ಮನೆಗಳಲ್ಲೂ "ಅವಳಿಗೆ ಈಗ ಮೂವತ್ತೈದು ನಡೀತಿದೆ" ಅಂತೀವಿ. ತುಂಬಿರುವುದು ಮೂವತ್ತನಾಲ್ಕೇ. ಆ ಕಾಲದ ಅಮೆರಿಕದಲ್ಲೂ "ಮೂವತ್ತೈದನೇ ವರ್ಷದಲ್ಲಿ ತೀರಿಕೊಂಡರು" ಅಂತ ಬರೆಯುವುದು ರೂಢಿ. ಇದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ಮಗನ ಬರಹವೇ ಇದೆ. 1859ರ ಡಿಸೆಂಬರ್‌ನಲ್ಲಿ ಲಿಂಕನ್ ತಮ್ಮ ಬಗ್ಗೆ ಚಿಕ್ಕದಾಗಿ ಬರೆದುಕೊಟ್ಟ ಟಿಪ್ಪಣಿಯಲ್ಲಿ, ತಾಯಿ ತೀರಿಕೊಂಡದ್ದು ತನ್ನ ಹತ್ತನೇ ವರ್ಷದಲ್ಲಿ ಅಂತ ಹೇಳಿದ್ದಾರೆ. ಅವರು ಹುಟ್ಟಿದ್ದು 1809 ಫೆಬ್ರವರಿ 12. ಆಗ ತುಂಬಿದ್ದು ಒಂಬತ್ತು, ನಡೆಯುತ್ತಿದ್ದದ್ದು ಹತ್ತು. "ನಡೆಯುತ್ತಿದ್ದ" ಲೆಕ್ಕವೇ ಕಲ್ಲು ಕೆತ್ತುವಾಗ "ತುಂಬಿದ" ಲೆಕ್ಕವಾಗಿ ಮಾರ್ಪಟ್ಟಿರಬೇಕು ಅಂತ ನನಗನ್ನಿಸುತ್ತದೆ. ಒಂದು ವರ್ಷದ ವ್ಯತ್ಯಾಸ ಸಿಕ್ಕಾಗಲೆಲ್ಲ ಮೊದಲು ಇದನ್ನು ಪರೀಕ್ಷಿಸಿ.

ಮದುವೆ ಕಾಗದ ಬೇರೆ ಕೌಂಟಿಯಲ್ಲಿ

ನ್ಯಾನ್ಸಿ ಬಗ್ಗೆ ಬಹಳ ನೋವಿನ ಕಥೆ ಇದೇ. ಲಿಂಕನ್ ತೀರಿಕೊಂಡ ಮೇಲೆ ಜೀವನಚರಿತ್ರೆ ಬರೆಯುವವರು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ ಮದುವೆ ದಾಖಲೆ ಹುಡುಕಿದರು. ದಂಪತಿ ಸಂಸಾರ ಮಾಡಿದ್ದು ಅಲ್ಲೇ, ಅಬ್ರಹಾಂ ಹುಟ್ಟಿದ್ದೂ ಅಲ್ಲೇ. ದಾಖಲೆ ಸಿಗಲಿಲ್ಲ. ಮದುವೆಯೇ ಆಗಿರಲಿಲ್ಲ ಅನ್ನೋ ಗುಸುಗುಸು ಹಬ್ಬಿತು. ಉತ್ತರ ಕೊಡಲು ಆಕೆ ಇರಲಿಲ್ಲ, ಮಗನೂ ಇರಲಿಲ್ಲ.

ಕಾಗದ ಸಿಕ್ಕಿದ್ದು 1878ರಲ್ಲಿ, ಕೆಂಟಕಿಯದೇ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ. 1806 ಜೂನ್ 10ರ ಜಾಮೀನು ಪತ್ರ. ಥಾಮಸ್ ಲಿಂಕನ್ ಮತ್ತು ನ್ಯಾನ್ಸಿ ಕಡೆಯವರಾದ ರಿಚರ್ಡ್ ಬೆರಿ ಸಹಿ ಹಾಕಿದ್ದಾರೆ. ಮದುವೆಗೆ ಕಾನೂನಿನ ಅಡ್ಡಿಯಿಲ್ಲ ಅಂತ 50 ಪೌಂಡ್‌ಗೆ ಬರೆದುಕೊಟ್ಟ ಮುಚ್ಚಳಿಕೆ ಅದು. ಪಾದ್ರಿ ಜೆಸ್ಸಿ ಹೆಡ್ ಕೊಟ್ಟ ವರದಿಯ ಪ್ರಕಾರ ಮದುವೆ ನಡೆದದ್ದು ಜೂನ್ 12ಕ್ಕೆ.

ಮದುವೆ ನಡೆಯೋದು ಹುಡುಗಿ ಕಡೆಯವರ ಊರಿನಲ್ಲಿ. ನಮಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ ಅಲ್ವಾ? ಅಲ್ಲೂ ಹಾಗೇ. ರೈತನ ಹೆಂಡತಿಯ ಮದುವೆ ದಾಖಲೆ ಬೇಕಾದರೆ ಗಂಡನ ಹೊಲ ಎಲ್ಲಿತ್ತು ಅಂತ ನೋಡಬೇಡಿ, ಅವಳು ಯಾರ ಮನೆಯಲ್ಲಿ ಇದ್ದಳು ಅಂತ ನೋಡಿ. ಜೊತೆಗೆ ಕೌಂಟಿಗಳ ಗಡಿ ಯಾವಾಗ ಬದಲಾಯಿತು ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಅಬ್ರಹಾಂ ಹುಟ್ಟಿದ ಜಾಗ 1843ರಿಂದ ಲರೂ ಕೌಂಟಿಗೆ ಸೇರಿದೆ. ಸ್ಪೆನ್ಸರ್ ಕೌಂಟಿ ಆದದ್ದು 1818ರಲ್ಲಿ. ಲಿಂಕನ್ ಕುಟುಂಬ ಇಂಡಿಯಾನಾಗೆ ಬಂದದ್ದು 1816ರ ಡಿಸೆಂಬರ್‌ನಲ್ಲಿ, ಆಗ ಆ ಕೌಂಟಿಯೇ ಇರಲಿಲ್ಲ.

ಆಕೆಯ ಕೈ ಗುರುತು

ಜನಗಣತಿಯಲ್ಲಿ ನ್ಯಾನ್ಸಿ ಹೆಸರು ಸಿಗುವುದಿಲ್ಲ. 1850ಕ್ಕೆ ಮೊದಲಿನ ಅಮೆರಿಕದ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ಬರೀ ಎಣಿಕೆ. 1810ರ ಹಾಳೆಯಲ್ಲಿ ಹದಿನಾರರಿಂದ ಇಪ್ಪತ್ತಾರರ ಹೆಂಗಸರು ಎಷ್ಟು, ಇಪ್ಪತ್ತಾರರಿಂದ ನಲವತ್ತೈದರವರು ಎಷ್ಟು ಅಂತ ಅಂಕಿ ತುಂಬಿದ್ದಾರೆ, ಅಷ್ಟೇ.

ಆದರೆ ಜಮೀನಿನ ಕಾಗದದಲ್ಲಿ ಸಿಗುತ್ತಾರೆ. ಥಾಮಸ್ 1814ರಲ್ಲಿ ಕೆಂಟಕಿಯ ಮಿಲ್ ಕ್ರೀಕ್ ಜಮೀನನ್ನು ಮಾರಿದರು. ಆ ಕ್ರಯಪತ್ರದಲ್ಲಿ ಗಂಡನ ಜೊತೆ ನ್ಯಾನ್ಸಿ ಹೆಸರೂ ಇದೆ. ಯಾಕೆ ಅಂದರೆ ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಪಾಲನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕು ಹೆಂಡತಿಗಿತ್ತು. ಅದಕ್ಕೆ ಡವರ್ ಅನ್ನುತ್ತಾರೆ. ಹೆಂಡತಿ ಆ ಹಕ್ಕನ್ನು ಬಿಟ್ಟುಕೊಡದೆ ಹೊಲ ಕೊಂಡರೆ ಮುಂದೆ ತಕರಾರು ಬರುತ್ತಿತ್ತು. ಹಾಗಾಗಿ ಕೊಳ್ಳುವವರೇ ಅವಳ ಒಪ್ಪಿಗೆ ಕೇಳುತ್ತಿದ್ದರು. ಗಂಡನನ್ನು ದೂರ ಇಟ್ಟು ಅವಳನ್ನು ಒಬ್ಬಳನ್ನೇ ಕೇಳುವ ಪದ್ಧತಿಯೂ ಇತ್ತು.

ಆ ಪತ್ರದಲ್ಲಿ ಸಹಿ ಜಾಗದಲ್ಲಿ ಇರುವುದು ಒಂದು ಅಡ್ಡಗೀಟಿನ ಗುರುತು, ನಮ್ಮ ಅಜ್ಜಿಯರು ಹೆಬ್ಬೆಟ್ಟು ಒತ್ತುತ್ತಿದ್ದ ಹಾಗೆ. ಸುತ್ತ ಗುಮಾಸ್ತ ಹೆಸರು ಬರೆದಿದ್ದಾನೆ, ನಡುವಿನ ಗುರುತು ಆಕೆಯದು. ನ್ಯಾನ್ಸಿಗೆ ಓದಲು ಬರುತ್ತಿತ್ತು ಅಂತ ಹತ್ತಿರದವರು ಆಮೇಲೆ ಹೇಳಿದ್ದಾರೆ. ಓದು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ ಅನ್ನೋದು ಆಗ ಅಪರೂಪವೇನಲ್ಲ, ಅವೆರಡನ್ನೂ ಬೇರೆಬೇರೆಯಾಗಿ ಕಲಿಸುತ್ತಿದ್ದರು. ಗುರುತು ಕಂಡ ತಕ್ಷಣ "ಅನಕ್ಷರಸ್ಥೆ" ಅಂತ ಬರೆದುಬಿಡಬೇಡಿ. ಈ ಎಲ್ಲ ಕಾಗದಗಳಲ್ಲಿ ನನಗೆ ತುಂಬ ಹತ್ತಿರ ಅನ್ನಿಸಿದ್ದು ಇದೇ. ಉಳಿದದ್ದೆಲ್ಲ ಬೇರೆಯವರು ಆಕೆಯ ಬಗ್ಗೆ ಬರೆದದ್ದು.

ಸಾವಿನ ಕಾರಣ

ಹಾಲಿನ ಕಾಯಿಲೆ. ಆಗಿನವರು ಹಾಗೇ ಕರೆಯುತ್ತಿದ್ದರು, ಹೆಸರು ಸರಿಯಾಗಿಯೇ ಇತ್ತು. ಕಾಡಿನ ನೆರಳಲ್ಲಿ ಬೆಳೆಯುವ ವೈಟ್ ಸ್ನೇಕ್‌ರೂಟ್ ಅನ್ನೋ ಬಿಳಿ ಹೂವಿನ ಗಿಡವನ್ನು ಹಸು ತಿಂದರೆ ಅದರ ವಿಷ ಹಾಲಿಗೆ ಇಳಿಯುತ್ತದೆ. ಹಸು ನಡುಗುತ್ತದೆ, ಹಾಲು ಕುಡಿದವರಿಗೆ ವಾಂತಿ, ನಿಶ್ಶಕ್ತಿ, ಕೊನೆಗೆ ಎಚ್ಚರ ತಪ್ಪುತ್ತದೆ. ಮೇವು ಕಡಿಮೆಯಾಗುವ ಬೇಸಿಗೆ ಕೊನೆ, ಶರತ್ಕಾಲದಲ್ಲಿ ಹಸುಗಳು ಕಾಡಿನೊಳಗೆ ಹೋಗಿ ಅದನ್ನು ತಿನ್ನುತ್ತಿದ್ದವು. ನಮ್ಮ ಮಲೆನಾಡು, ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡ ಅಂತೀವಲ್ಲ, ಅದರ ಹತ್ತಿರದ ನೆಂಟ ಇದು. ಹಿಂದೆ ಎರಡನ್ನೂ ಯುಪಟೋರಿಯಂ ಅನ್ನೋ ಒಂದೇ ಕುಲಕ್ಕೆ ಸೇರಿಸಿದ್ದರು.

ಮೊದಲು ಸತ್ತದ್ದು ನ್ಯಾನ್ಸಿಯನ್ನು ಸಾಕಿದ ಚಿಕ್ಕಮ್ಮ ಎಲಿಜಬೆತ್ ಸ್ಪ್ಯಾರೋ ಮತ್ತು ಅವರ ಗಂಡ ಥಾಮಸ್ ಸ್ಪ್ಯಾರೋ. ಪಕ್ಕದ ಮನೆಯ ನ್ಯಾನ್ಸಿ ಬ್ರೂನರ್ ಕೂಡ ಹೋದರು. ಕಾಯಿಲೆ ಬಿದ್ದವರ ಆರೈಕೆಗೆ ಓಡಾಡಿದ ನ್ಯಾನ್ಸಿ ಲಿಂಕನ್ ಕೊನೆಗೆ ತಾವೇ ಮಲಗಿದರು. ಥಾಮಸ್ ಹಲಗೆ ಕೊಯ್ದು ಶವಪೆಟ್ಟಿಗೆ ಮಾಡಿದರು, ಮಗ ಅದಕ್ಕೆ ಮರದ ಮೊಳೆ ಕೆತ್ತಿಕೊಟ್ಟ ಅಂತ ಕುಟುಂಬದವರು ಹೇಳುತ್ತಿದ್ದರು. ಎಲ್ಲರೂ ಅದೇ ದಿಬ್ಬದ ಮೇಲಿದ್ದಾರೆ. ಹಾಗಾಗಿ ಒಂದು ಕಲ್ಲು ಕಂಡಾಗ ಸುತ್ತಲಿನ ಕಲ್ಲುಗಳ ತಾರೀಖನ್ನೂ ಬರೆದುಕೊಳ್ಳಿ. ಒಂದೇ ತಿಂಗಳಲ್ಲಿ ನಾಲ್ಕು ಸಾವು ಅಂದರೆ ಕಾರಣವನ್ನು ಊರಿನಲ್ಲಿ ಹುಡುಕಬೇಕು, ಒಬ್ಬಳ ಮೈಯಲ್ಲಿ ಅಲ್ಲ.

ಎಷ್ಟೊಂದು ನ್ಯಾನ್ಸಿಯರು ನೋಡಿ. ನ್ಯಾನ್ಸಿಯ ಇನ್ನೊಬ್ಬ ಚಿಕ್ಕಮ್ಮನ ಹೆಸರೂ ನ್ಯಾನ್ಸಿ ಹ್ಯಾಂಕ್ಸ್. ಒಂದೇ ಹೆಸರಿನ ಈ ಗೋಜಲಿನಿಂದ ನ್ಯಾನ್ಸಿ ಯಾರ ಮಗಳು ಅನ್ನೋ ವಾದ ನೂರು ವರ್ಷಕ್ಕೂ ಮೇಲೆ ನಡೆಯಿತು. 2015ರಲ್ಲಿ ತಾಯಿಯಿಂದ ಮಕ್ಕಳಿಗೆ ಮಾತ್ರ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ಪರೀಕ್ಷೆ ಲೂಸಿ ಹ್ಯಾಂಕ್ಸ್ ಅನ್ನೋ ಹೆಂಗಸೇ ತಾಯಿ ಅಂತ ಬೆರಳು ತೋರಿಸಿತು. ಹೆಣ್ಣುಮಕ್ಕಳ ಸಾಲಿನ ವಂಶಸ್ಥರನ್ನು ಹಿಡಿದು ಮಾಡಿದ ಪರೀಕ್ಷೆ ಅದು. ಎಕ್ಸ್1ಸಿ ಅನ್ನೋ ತುಂಬ ಅಪರೂಪದ ಡಿಎನ್‌ಎ ಗುಂಪು ಸಿಕ್ಕಿದ್ದರಿಂದ ಉತ್ತರಕ್ಕೆ ಗಟ್ಟಿ ಬಂತು.

ನೀವೇ ಮಾಡಿ ನೋಡಲು

ಥಾಮಸ್ 1819ರ ಡಿಸೆಂಬರ್ 2ರಂದು ಸಾರಾ ಬುಷ್ ಜಾನ್ಸ್‌ಟನ್ ಅನ್ನೋ ವಿಧವೆಯನ್ನು ಮದುವೆಯಾದರು. ಅಬ್ರಹಾಂಗೆ ಮಲತಾಯಿ. ಇವರೂ ರೈತನ ಹೆಂಡತಿಯೇ, ಆದರೆ 1869ರವರೆಗೆ ಬದುಕಿದ್ದರು. ಇಲಿನಾಯ್‌ನ ಕೋಲ್ಸ್ ಕೌಂಟಿಯ 1850ರ ಜನಗಣತಿ ಹಾಳೆಯಿಂದ ಶುರು ಮಾಡಿ. ಅಲ್ಲಿ ಹೆಸರು ಇರುತ್ತದೆ, ಗಂಡನಿಗೆ ಏನಾಗಬೇಕು ಅಂತ ಇರುವುದಿಲ್ಲ. ಆ ಅಂಕಣ ಬಂದದ್ದು 1880ರಲ್ಲಿ. ಅದೇ 1850ರಿಂದ ಕೃಷಿ ಗಣತಿ ಅಂತ ಬೇರೆ ಹಾಳೆಗಳಿವೆ. ಅವುಗಳಲ್ಲಿ ಆ ವರ್ಷ ಎಷ್ಟು ಪೌಂಡ್ ಬೆಣ್ಣೆ ತೆಗೆದರು ಅನ್ನೋ ಅಂಕಣ ಹುಡುಕಿ. ಹೆಸರು ಗಂಡಂದಿರದೇ ಇರುತ್ತದೆ, ಬೆಣ್ಣೆ ಕಡೆಯುತ್ತಿದ್ದವರು ಹೆಚ್ಚಾಗಿ ಹೆಂಗಸರು. 1900ರವರೆಗೆ ಬದುಕಿದ್ದ ಯಾರನ್ನಾದರೂ ಹುಡುಕುತ್ತಿದ್ದರೆ ಆ ವರ್ಷದ ಹಾಳೆ ಬಿಡಬೇಡಿ. ಎಷ್ಟು ಮಕ್ಕಳನ್ನು ಹೆತ್ತಳು, ಎಷ್ಟು ಬದುಕಿದ್ದಾರೆ ಅಂತ ಅದರಲ್ಲಿ ಬರೆದಿರುತ್ತದೆ. 1890ರದ್ದು ಹುಡುಕಿ ಸಮಯ ಹಾಳು ಮಾಡಿಕೊಳ್ಳಬೇಡಿ. 1921ರಲ್ಲಿ ವಾಷಿಂಗ್ಟನ್ ನಗರದಲ್ಲಿ ಆದ ಬೆಂಕಿ ಅನಾಹುತದಿಂದಾಗಿ ಅದು ಬಹುಪಾಲು ಹೋಗಿದೆ.

ಸಾರಾ ಸಮಾಧಿಯ ಕಲ್ಲನ್ನು ಕೊನೆಗೆ ನೋಡಿ.